ಫಿಲ್ಲಿಂಗ್ ಮಾಡಿಸಿದ ಹಲ್ಲು ಕ್ಷೇಮವಾಗಿದೆಯೇ? ಬೆಳಕು ಹೇಳುವ ಉತ್ತರ

ಕಳೆದ ರಮಝಾನಿನ ಒಂದು ಸಂಜೆ. ಉಪವಾಸ ಬಿಡಲು ನನ್ನ ತಾಯಿ ಖರ್ಜೂರ ಬಾಯಿಗಿಟ್ಟರು. ಬೀಜ ತೆಗೆದಿರಲಿಲ್ಲ. ಬಲಗಡೆಯ ದವಡೆ ಹಲ್ಲಿಗೆ ಬೀಜ ಸಿಕ್ಕಿ 'ಕಟ್' ಎಂಬ ಸದ್ದಾಯಿತು. ಆ ಹಲ್ಲಿಗೆ ಹದಿನೈದು ವರ್ಷಗಳ ಹಿಂದೆ ಬೆಳ್ಳಿ ಬಣ್ಣದ ಫಿಲ್ಲಿಂಗ್ ಹಾಕಿಸಿದ್ದರು. ಅಂದಿನಿಂದ ಆ ಕಡೆ ಅಗಿದರೆ ಸಾಕು, ಚುಚ್ಚಿದಂತೆ ನೋವು. ವಿಚಿತ್ರವೆಂದರೆ, ಕಚ್ಚುವಾಗ ಅಷ್ಟಾಗಿ ನೋಯುತ್ತಿರಲಿಲ್ಲ, ಕಚ್ಚಿದ್ದನ್ನು ಬಿಡುವಾಗ ನೋಯುತ್ತಿತ್ತು. ತಣ್ಣೀರು ತಾಗಿದರೂ ಜುಮ್ಮೆನ್ನುತ್ತಿತ್ತು.

ದಂತವೈದ್ಯರಲ್ಲಿಗೆ ಹೋದೆವು. ಕನ್ನಡಿ ಹಿಡಿದು ನೋಡಿದರು, ಎಕ್ಸ್‌ರೇ ತೆಗೆದರು. "ಹುಳುಕು ಇಲ್ಲ, ಫಿಲ್ಲಿಂಗ್ ಗಟ್ಟಿಯಾಗಿದೆ" ಎಂದು ಮಾತ್ರೆ ಕೊಟ್ಟು ಕಳಿಸಿದರು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ತಾಯಿ ಬೇಸತ್ತು, "ಕಿತ್ತು ಬಿಸಾಡುವುದೇ ಒಳ್ಳೆಯದು" ಎಂದರು. ಹಲ್ಲು ಕೀಳಿಸಲೆಂದೇ ಇನ್ನೊಬ್ಬ ವೈದ್ಯೆಯ ಬಳಿ ಹೋದದ್ದು.

ಆಕೆ ಎಲ್ಲವನ್ನೂ ಕೇಳಿಕೊಂಡು, "ಅಮ್ಮಾ, ಕಚ್ಚುವಾಗ ನೋವೋ, ಬಿಡುವಾಗ ನೋವೋ?" ಎಂದರು.

"ಬಿಡುವಾಗಲೇ ಡಾಕ್ಟ್ರೇ. ಯಾರಿಗೆ ಹೇಳಿದರೂ ನಂಬುವುದಿಲ್ಲ."

ವೈದ್ಯೆ ಕುರ್ಚಿಯ ಮೇಲಿನ ದೊಡ್ಡ ದೀಪ ಆರಿಸಿದರು. ಪೆನ್ನಿನಷ್ಟು ಸಣ್ಣ ದೀಪವೊಂದನ್ನು ಆ ಹಲ್ಲಿನ ಕೆನ್ನೆಯ ಬದಿಗೆ ತಾಗಿಸಿ ನನ್ನನ್ನೂ ಕರೆದು ತೋರಿಸಿದರು. ಹಲ್ಲಿನ ಅರ್ಧ ಭಾಗ ಬೆಳಗುತ್ತಿತ್ತು, ಉಳಿದರ್ಧ ಕತ್ತಲೆ. ಎರಡರ ನಡುವೆ ಗೆರೆ ಎಳೆದ ಹಾಗೆ ಗಡಿ. "ಇಲ್ಲಿ ಬಿರುಕು ಬಿಟ್ಟಿದೆ. ಬೆಳಕು ಆಚೆ ದಾಟುತ್ತಿಲ್ಲ ನೋಡಿ" ಎಂದರು. ಹಳೆಯ ಫಿಲ್ಲಿಂಗ್ ತೆಗೆದು, ಬಿರುಕು ಬೇರಿಗಿಳಿದಿಲ್ಲವೆಂದು ಖಚಿತಪಡಿಸಿಕೊಂಡು ಹಲ್ಲಿಗೆ ಕ್ಯಾಪ್ ಹಾಕಿದರು. ಆ ಹಲ್ಲು ಇಂದಿಗೂ ಇದೆ.

ಅರ್ಧ ನಿಮಿಷದ ಆ ಪರೀಕ್ಷೆಯಲ್ಲಿ ಸೂಜಿ ಇರಲಿಲ್ಲ, ಕೊರೆಯುವುದಿರಲಿಲ್ಲ, ನೋವಂತೂ ಇರಲೇ ಇಲ್ಲ. ಬೆಳಕಿನಿಂದ ಹಲ್ಲು ಮತ್ತು ಫಿಲ್ಲಿಂಗ್ ಪರೀಕ್ಷಿಸುವ ವಿಧಾನಗಳು ಇಂದು ಹಲವು ಇವೆ. ಅವು ಏನು, ಎಷ್ಟು ನಂಬಬಹುದು, ನಮ್ಮ ಮನೆಯವರಿಗೆ ಯಾವಾಗ ಬೇಕಾಗುತ್ತವೆ ಎಂಬುದನ್ನು ಈ ತಿಂಗಳು ನೋಡೋಣ.

ಫಿಲ್ಲಿಂಗ್ ಹಾಕಿಸಿದ ಮಾತ್ರಕ್ಕೆ ಮುಗಿಯಲಿಲ್ಲ

ಹಲ್ಲಿನ ಹೊರಕವಚ ಎನಾಮಲ್. ಅದರ ತೂಕದಲ್ಲಿ ಶೇ. 96ರಷ್ಟು ಖನಿಜ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಅದರ ಒಳಗೆ ಸ್ವಲ್ಪ ಮೆದುವಾದ ಡೆಂಟಿನ್ ಇದೆ, ನಡುವೆ ನರ ಮತ್ತು ರಕ್ತನಾಳಗಳಿವೆ. ನಾವು ತಿಂದ ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಎನಾಮಲ್‌ನ ಖನಿಜವನ್ನು ಕರಗಿಸುತ್ತದೆ. ಇದೇ ಹುಳುಕು. ಹುಳುಕು ಹಲ್ಲಿನಲ್ಲಿ ಹುಳವೇನೂ ಇರುವುದಿಲ್ಲ.

ಕೊಳೆತ ಭಾಗ ಕೆರೆದು ತೆಗೆದು, ಆ ಗುಳಿಗೆ ವೈದ್ಯರು ಏನನ್ನಾದರೂ ತುಂಬುತ್ತಾರೆ. ನಮ್ಮ ಕಡೆ ಇದಕ್ಕೆ 'ಸಿಮೆಂಟ್ ಹಾಕಿಸುವುದು' ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಬೆಳ್ಳಿ ಬಣ್ಣದ ಅಮಾಲ್ಗಮ್ ಹಳೆಯದು. ಅದರ ತೂಕದ ಸುಮಾರು ಅರ್ಧ ಪಾದರಸ. ಹಲ್ಲಿನ ಬಣ್ಣದ ಕಾಂಪೋಸಿಟ್ ನೀಲಿ ಬೆಳಕು ಬಿದ್ದಾಗ ಗಟ್ಟಿಯಾಗುತ್ತದೆ. ಮೂರನೆಯದು ಗ್ಲಾಸ್ ಅಯನೊಮರ್. ಅದು ಹಲ್ಲಿಗೆ ತಾನಾಗಿ ಅಂಟಿಕೊಂಡು ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತದೆ, ಆದರೆ ಬೇಗ ಸವೆಯುತ್ತದೆ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಮಳೆಗಾಲದ ಸೋರಿಕೆ ಗೊತ್ತು. ಒಂದು ಹೆಂಚು ಬೆರಳಗಲ ಸರಿದಿದ್ದರೂ ಸಾಕು, ನೀರು ಒಳಗಿಳಿದು ಪಕಾಸಿಯನ್ನು ಸದ್ದಿಲ್ಲದೆ ಕೊಳೆಸುತ್ತದೆ. ಕೆಳಗೆ ನಿಂತವನಿಗೆ ಮಾಡು ಚೆನ್ನಾಗಿಯೇ ಕಾಣುತ್ತದೆ. ಫಿಲ್ಲಿಂಗ್ ಕಥೆಯೂ ಹಾಗೆಯೇ. ಕಾಂಪೋಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 2ರಿಂದ 3ರಷ್ಟು ಕುಗ್ಗುತ್ತದೆ. ಆ ಎಳೆತಕ್ಕೆ ಅಂಚಿನಲ್ಲಿ ಕೂದಲೆಳೆಗಿಂತ ತೆಳುವಾದ ಬಿಟ್ಟ ಜಾಗ ಉಂಟಾಗಬಹುದು. ವರ್ಷಗಟ್ಟಲೆ ಬಿಸಿ ಚಹಾ, ತಣ್ಣನೆಯ ಶರಬತ್ತು, ಅಡಿಕೆ ಜಗಿತ ಎಲ್ಲವೂ ಸೇರಿ ಆ ಸಂದು ದೊಡ್ಡದಾಗುತ್ತದೆ. ಅದರೊಳಗೆ ಬ್ಯಾಕ್ಟೀರಿಯಾ ನುಸುಳಿದರೆ ಫಿಲ್ಲಿಂಗ್ ಬದಿಯಲ್ಲಿ ಅಥವಾ ಅಡಿಯಲ್ಲಿ ಹೊಸ ಹುಳುಕು ಶುರು. ಹಳೆಯ ಫಿಲ್ಲಿಂಗ್‌ಗಳನ್ನು ಬದಲಿಸಬೇಕಾಗಿ ಬರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಅಡಿಯಲ್ಲಿ ಕೊಳೆಯುತ್ತಿದ್ದರೂ 'ಎಲ್ಲ ಸರಿ' ಎಂದು ಬಿಟ್ಟುಬಿಡುವುದು ಒಂದು. ಅಂಚು ಸ್ವಲ್ಪ ಕಪ್ಪಾಗಿದೆ ಎಂದ ಮಾತ್ರಕ್ಕೆ ಚೆನ್ನಾಗಿರುವ ಫಿಲ್ಲಿಂಗನ್ನು ಕಿತ್ತು ಹೊಸದು ಹಾಕುವುದು ಇನ್ನೊಂದು. ಪ್ರತಿ ಸಲ ಕೊರೆದಾಗಲೂ ಗುಳಿ ಸ್ವಲ್ಪ ದೊಡ್ಡದಾಗುತ್ತದೆ, ಹಲ್ಲು ಸ್ವಲ್ಪ ಕಡಿಮೆಯಾಗುತ್ತದೆ. ಸಣ್ಣ ಫಿಲ್ಲಿಂಗ್ ದೊಡ್ಡದಾಗಿ, ದೊಡ್ಡದು ರೂಟ್ ಕೆನಾಲ್ ಆಗಿ, ಅದು ಕ್ಯಾಪ್ ಆಗಿ, ಕೊನೆಗೆ ಹಲ್ಲೇ ಹೋಗುವುದು ಈ ದಾರಿಯಲ್ಲಿಯೇ. ಆದ್ದರಿಂದ ಕೊರೆಯುವ ಮೊದಲು ಒಳಗಿನ ಸ್ಥಿತಿ ತಿಳಿಯುವುದು ಮುಖ್ಯ.

ಎಕ್ಸ್‌ರೇ ಇದೆಯಲ್ಲ, ಸಾಲದೇ?

ಎಕ್ಸ್‌ರೇ ಬಹಳ ಉಪಯುಕ್ತ. ಎರಡು ಹಲ್ಲುಗಳ ನಡುವಿನ ಹುಳುಕು, ಬೇರಿನ ತುದಿಯ ಕೀವು, ದವಡೆಯ ಎಲುಬು ಇವೆಲ್ಲ ತಿಳಿಯಲು ಅದೇ ಬೇಕು. ಇಂದಿನ ಡಿಜಿಟಲ್ ಯಂತ್ರದಲ್ಲಿ ಒಂದು ಹಲ್ಲಿನ ಎಕ್ಸ್‌ರೇಯಿಂದ ತಗಲುವ ವಿಕಿರಣ, ನಾವು ಸುಮ್ಮನೆ ಮನೆಯಲ್ಲಿದ್ದರೂ ಪ್ರಕೃತಿಯಿಂದ ಒಂದು ದಿನದಲ್ಲಿ ಪಡೆಯುವಷ್ಟೇ ಅಥವಾ ಅದಕ್ಕೂ ಕಡಿಮೆ. ಹೆದರಬೇಕಾದ್ದಿಲ್ಲ. ಆದರೆ ಅದಕ್ಕೆ ಮಿತಿಗಳಿವೆ.

ಮೊದಲನೆಯದು, ಹಲ್ಲಿನ ಆ ಜಾಗದ ಖನಿಜ ಸುಮಾರು ಮೂರನೇ ಒಂದರಷ್ಟು ಕರಗಿದ ಮೇಲೆಯೇ ಎಕ್ಸ್‌ರೇಯಲ್ಲಿ ಹುಳುಕು ಸ್ಪಷ್ಟವಾಗಿ ಕಾಣುವುದು. ಆರಂಭದ ಹಂತ ಅದರ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು, ಬೆಳ್ಳಿ ಫಿಲ್ಲಿಂಗ್ ಎಕ್ಸ್‌ರೇಯಲ್ಲಿ ಬಿಳಿ ಗೋಡೆಯಂತೆ ಕಾಣುತ್ತದೆ, ಅದರ ಹಿಂದಿರುವುದೆಲ್ಲ ಮರೆಯಾಗುತ್ತದೆ. ಮೂರನೆಯದು ಬಿರುಕು. ದವಡೆ ಹಲ್ಲಿನ ಬಿರುಕು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಎಕ್ಸ್‌ರೇ ಕಿರಣವೋ ಕೆನ್ನೆಯ ಕಡೆಯಿಂದ ಬಂದು ಅದನ್ನು ಅಡ್ಡಲಾಗಿ ದಾಟಿಹೋಗುತ್ತದೆ. ಹಾಗಾಗಿ ತೆಳುವಾದ ಸೀಳು ಚಿತ್ರದಲ್ಲಿ ಮೂಡುವುದೇ ಇಲ್ಲ. ನನ್ನ ತಾಯಿಯ ಎಕ್ಸ್‌ರೇ 'ಸರಿ' ಇದ್ದದ್ದು ಹೀಗೆ.

ಬಜ್ಜಿ ಕಟ್ಟಿದ ಕಾಗದದ ಪಾಠ

ಬೆಳಕು ಹಲ್ಲಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಮನೆಯಲ್ಲೇ ಉದಾಹರಣೆ ಇದೆ. ಬಜ್ಜಿ ಕಟ್ಟಿ ತಂದ ಕಾಗದವನ್ನು ದೀಪಕ್ಕೆ ಹಿಡಿದು ನೋಡಿ. ಎಣ್ಣೆ ಹತ್ತಿದ ಕಡೆ ಬೆಳಕು ಹಾಯುತ್ತದೆ, ಒಣಗಿದ ಕಡೆ ಹಾಯುವುದಿಲ್ಲ. ಕಾಗದದ ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ. ಆ ಜಾಗವನ್ನು ಎಣ್ಣೆ ತುಂಬಿದಾಗ ಚದುರುವಿಕೆ ಕಡಿಮೆಯಾಗುತ್ತದೆ.

ಆರೋಗ್ಯವಂತ ಎನಾಮಲ್ ಎಣ್ಣೆ ಹತ್ತಿದ ಕಾಗದದಂತೆ, ಬೆಳಕನ್ನು ಸಾಕಷ್ಟು ಒಳಬಿಡುತ್ತದೆ. ಆಮ್ಲ ತಿಂದ ಎನಾಮಲ್‌ನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಬಾಯಿ ಒದ್ದೆಯಿರುವಾಗ ಆ ರಂಧ್ರಗಳಲ್ಲಿ ನೀರಿರುತ್ತದೆ, ದೋಷ ಮರೆಯಾಗಿರುತ್ತದೆ. ವೈದ್ಯರು ಗಾಳಿ ಊದಿ ಸುಮಾರು 5 ಸೆಕೆಂಡು ಒಣಗಿಸಿದಾಗ ನೀರು ಹೋಗಿ ಗಾಳಿ ತುಂಬುತ್ತದೆ, ಕೂಡಲೇ ಸುಣ್ಣದಂಥ ಬಿಳಿ ಕಲೆ ಎದ್ದು ಕಾಣುತ್ತದೆ. ಒಣಗಿಸಿದಾಗ ಮಾತ್ರ ಕಂಡರೆ ದೋಷ ತೀರ ಆರಂಭದ್ದು. ಒದ್ದೆಯಿರುವಾಗಲೂ ಕಂಡರೆ ಇನ್ನೂ ಆಳಕ್ಕಿಳಿದಿದೆ ಎಂದರ್ಥ. ಎಷ್ಟು ಸರಳ ಪರೀಕ್ಷೆ ನೋಡಿ! ಇದಕ್ಕೆ ದುಬಾರಿ ಯಂತ್ರ ಬೇಡ. ಕುಂದಾಪುರದ ಕ್ಲಿನಿಕ್ ಆಗಲಿ, ಬೈಂದೂರಿನದಾಗಲಿ, ದಂತವೈದ್ಯರ ಕುರ್ಚಿಯಿದ್ದಲ್ಲಿ ಗಾಳಿ ಊದುವ ನಳಿಗೆ ಇದ್ದೇ ಇರುತ್ತದೆ.

ಬೆಳಕು ಕಣ್ಣಿನಿಂದ ಹೊರಡುವುದಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಸಾವಿರ ವರ್ಷಗಳ ಹಿಂದೆ ಪ್ರಯೋಗಗಳ ಆಧಾರದಲ್ಲಿ ವಾದಿಸಿದವರು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್. ಅವರ 'ಕಿತಾಬುಲ್ ಮನಾಝಿರ್' ಬೆಳಕಿನ ವಿಜ್ಞಾನದ ಮೂಲಗ್ರಂಥಗಳಲ್ಲೊಂದು. ವಸ್ತುವಿಗೆ ತಾಗಿ ಬರುವ ಬೆಳಕಿನಲ್ಲಿ ಆ ವಸ್ತುವಿನ ಸಮಾಚಾರ ಇರುತ್ತದೆ ಎಂಬುದೇ ಈ ಎಲ್ಲ ಉಪಕರಣಗಳ ಆಧಾರ.

ಬೆಳಕಿನ ನಾಲ್ಕು ವಿಧಾನಗಳು

1. ಬೆಳಕು ಹಾಯಿಸಿ ನೋಡುವುದು. ಮೊಟ್ಟೆ ಕೆಟ್ಟಿದೆಯೋ ಎಂದು ದೀಪಕ್ಕೆ ಹಿಡಿದು ನೋಡುವಂತೆ, ಹಲ್ಲಿನ ಒಂದು ಬದಿಯಿಂದ ತೀಕ್ಷ್ಣ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ನೋಡುತ್ತಾರೆ. ಹುಳುಕಿನ ಜಾಗ ಕಪ್ಪು ನೆರಳಾಗಿ ಕಾಣುತ್ತದೆ. ಬಿರುಕಿದ್ದರೆ ಬೆಳಕು ಅಲ್ಲಿಗೇ ನಿಲ್ಲುತ್ತದೆ. ವಯಸ್ಸಾದವರ ಮುಂದಿನ ಹಲ್ಲುಗಳಲ್ಲಿ ಕಾಣುವ ಮೇಲ್ಮೈಯ ತೆಳು ಗೆರೆಗಳಾದರೆ ಬೆಳಕು ಗೆರೆ ದಾಟಿ ಹಲ್ಲೆಲ್ಲ ಬೆಳಗುತ್ತದೆ. ಅಂಥ ಗೆರೆಗೆ ಚಿಕಿತ್ಸೆ ಬೇಕಿಲ್ಲ. ಇದರ ಸುಧಾರಿತ ರೂಪದಲ್ಲಿ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನು ಬಳಸುತ್ತಾರೆ. ಡಯಾಗ್ನೋಕ್ಯಾಮ್ ಎಂಬ ಉಪಕರಣ ಬಳಸುವುದು 780 ನ್ಯಾನೋಮೀಟರಿನ ಬೆಳಕು. ಅಲೆಯ ಉದ್ದ ಹೆಚ್ಚಿದಷ್ಟೂ ಎನಾಮಲ್‌ನಲ್ಲಿ ಬೆಳಕು ಕಡಿಮೆ ಚದುರುವುದರಿಂದ ಎರಡು ಹಲ್ಲುಗಳ ನಡುವಿನ ಹುಳುಕು ಎಕ್ಸ್‌ರೇ ಇಲ್ಲದೆಯೇ ಪರದೆಯ ಮೇಲೆ ಕಾಣಿಸುತ್ತದೆ.

2. ಹಲ್ಲನ್ನು ಹೊಳೆಯಿಸಿ ನೋಡುವುದು. ನೇರಳೆ-ನೀಲಿ ಬೆಳಕು (ಸುಮಾರು 405 ನ್ಯಾನೋಮೀಟರ್) ಬಿದ್ದಾಗ ಆರೋಗ್ಯವಂತ ಹಲ್ಲು ತಾನೇ ಹಸಿರಾಗಿ ಹೊಳೆಯುತ್ತದೆ. ಖನಿಜ ಕಳೆದುಕೊಂಡ ಜಾಗ ಮಂಕಾಗುತ್ತದೆ. ಬ್ಯಾಕ್ಟೀರಿಯಾ ತುಂಬಿದ ಜಾಗ ಕೆಂಪಾಗಿ ಹೊಳೆಯುತ್ತದೆ. ಹಲ್ಲಿನ ಬಣ್ಣದ ಫಿಲ್ಲಿಂಗ್ ಹೊಳೆಯುವ ರೀತಿ ಹಲ್ಲಿಗಿಂತ ಬೇರೆ. ಸಾಮಾನ್ಯ ಬೆಳಕಿನಲ್ಲಿ ಹಲ್ಲು ಎಲ್ಲಿ ಮುಗಿಯಿತು, ಫಿಲ್ಲಿಂಗ್ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಕಡೆ ಇದು ಅಂಚನ್ನು ತೋರಿಸಿಕೊಡುತ್ತದೆ. ಹಳೆಯದನ್ನು ತೆಗೆಯುವಾಗ ಒಳ್ಳೆಯ ಹಲ್ಲನ್ನೂ ಕೊರೆದುಬಿಡುವ ಅಪಾಯ ಇದರಿಂದ ತಗ್ಗುತ್ತದೆ.

3. ಅಂಕಿ ತೋರಿಸುವ ಲೇಸರ್ ಪೆನ್. ಡಯಾಗ್ನೋಡೆಂಟ್ ಎಂಬ ಈ ಉಪಕರಣ 655 ನ್ಯಾನೋಮೀಟರಿನ ಕೆಂಪು ಬೆಳಕು ಬಿಟ್ಟು, ಮರಳುವ ಹೊಳಪನ್ನು ಅಳೆದು 0ಯಿಂದ 99ರವರೆಗೆ ಅಂಕಿ ತೋರಿಸುತ್ತದೆ. ಅಂಕಿ ಹೆಚ್ಚಾದಷ್ಟೂ ಹುಳುಕಿನ ಸಂಶಯ ಹೆಚ್ಚು. ದವಡೆ ಹಲ್ಲಿನ ಗೀರುಗಳಿಗೆ ಇದು ಅನುಕೂಲ.

4. ಪದರ ಪದರವಾಗಿ ನೋಡುವುದು. ಗಂಗೊಳ್ಳಿಯ ಬೋಟುಗಳಲ್ಲಿ ಮೀನಿನ ಹಿಂಡನ್ನು ಪತ್ತೆಹಚ್ಚುವ ಯಂತ್ರ ಇರುತ್ತದಲ್ಲ? ನೀರಿನೊಳಗೆ ಶಬ್ದ ಕಳಿಸಿ, ಅದು ಮರಳುವ ಹೊತ್ತಿನಿಂದ ಮೀನು ಎಷ್ಟು ಆಳದಲ್ಲಿದೆ ಎಂದು ಹೇಳುತ್ತದೆ. ಶಬ್ದದ ಬದಲು ಬೆಳಕು ಬಳಸಿ ಅದೇ ಕೆಲಸ ಮಾಡುವುದು ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. ಅಮೆರಿಕದ ಎಂ.ಐ.ಟಿ.ಯ ವಿಜ್ಞಾನಿಗಳ ತಂಡ 1991ರಲ್ಲಿ ಇದನ್ನು ಪ್ರಕಟಿಸಿತು. ಮಧುಮೇಹ ಇರುವ ನಿಮ್ಮ ಮನೆಯ ಹಿರಿಯರಿಗೆ ಕಣ್ಣಿನ ಆಸ್ಪತ್ರೆಯಲ್ಲಿ 'ಓಸಿಟಿ ಸ್ಕ್ಯಾನ್' ಮಾಡಿಸಿರಬಹುದು. ಇದು ಅದೇ. 1998ರ ಹೊತ್ತಿಗೆ ಹಲ್ಲಿನ ಓಸಿಟಿ ಚಿತ್ರಗಳೂ ಬಂದವು. ಕೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದಾದ, ಸುಮಾರು 10 ಮೈಕ್ರಾನಿನಷ್ಟು ಸೂಕ್ಷ್ಮ ವಿವರವನ್ನು ಇದು ತೋರಿಸಬಲ್ಲದು. ಫಿಲ್ಲಿಂಗ್ ಮತ್ತು ಹಲ್ಲಿನ ನಡುವೆ ಬಿಟ್ಟ ಸಂದು, ಫಿಲ್ಲಿಂಗ್ ಒಳಗಿನ ಗಾಳಿಗುಳ್ಳೆ, ಬಿರುಕಿನ ಆಳ ಎಲ್ಲವನ್ನೂ ಹಲ್ಲು ಕತ್ತರಿಸದೆಯೇ ನೋಡಬಹುದು. ಆದರೆ ಇದು ಕಾಣುವುದು 2ರಿಂದ 3 ಮಿಲಿಮೀಟರ್ ಆಳದವರೆಗೆ ಮಾತ್ರ. ಹಲ್ಲಿನ ಮಟ್ಟಿಗೆ ಇದು ಇಂದಿಗೂ ಹೆಚ್ಚಾಗಿ ಸಂಶೋಧನೆಯ ಕೋಣೆಯಲ್ಲಿಯೇ ಇದೆ. ನಮ್ಮ ಪೇಟೆಯ ಕ್ಲಿನಿಕ್‌ನಲ್ಲಿ ಹುಡುಕಬೇಡಿ.

ನಮ್ಮ ನಾಡಿನಲ್ಲೇ ನಡೆದ ಕೆಲಸ

ಈ ವಿದ್ಯೆ ಪೂರ್ತಿ ಹೊರಗಿನದಲ್ಲ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮ ಅವರಿಗೆ 1930ರಲ್ಲಿ ನೊಬೆಲ್ ತಂದಿತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ಉಳಿದರು. ಒಂದು ವಸ್ತುವಿಗೆ ಬೆಳಕು ತಾಗಿ ಚದುರುವಾಗ ಅದರ ಬಣ್ಣದಲ್ಲಾಗುವ ಅತಿ ಸಣ್ಣ ಬದಲಾವಣೆಯಿಂದ ಆ ವಸ್ತುವಿನ ಗುರುತು ಹಿಡಿಯಬಹುದು. ಎನಾಮಲ್‌ನಲ್ಲಿ ಖನಿಜ ಎಷ್ಟು ಉಳಿದಿದೆ ಎಂದು ಅಳೆಯಲು ಪ್ರಯೋಗಾಲಯಗಳಲ್ಲಿ ಇಂದು ಈ ವಿಧಾನ ಬಳಸುತ್ತಾರೆ.

ಇನ್ನೂ ಹತ್ತಿರದ ಉದಾಹರಣೆ ಮಣಿಪಾಲದ್ದು. ಅಲ್ಲಿನ ದಂತವೈದ್ಯಕೀಯ ಕಾಲೇಜು 1965ರಲ್ಲಿ ಶುರುವಾಯಿತು. 2000ದ ನಂತರದ ವರ್ಷಗಳಲ್ಲಿ ಭೌತವಿಜ್ಞಾನಿ ವಿ.ಬಿ. ಕರ್ತಾ ಅವರಿದ್ದ ತಂಡ, ಅಲ್ಲಿನ ದಂತವೈದ್ಯರನ್ನೂ ಸೇರಿಸಿಕೊಂಡು, ಬಾಯಿಯ ಕ್ಯಾನ್ಸರ್ ಅಂಗಾಂಶವನ್ನು ಆರೋಗ್ಯವಂತ ಅಂಗಾಂಶದಿಂದ ಬೇರ್ಪಡಿಸಿ ಗುರುತಿಸಲು ರಾಮನ್ ವಿಧಾನವನ್ನು ಪರೀಕ್ಷಿಸಿತು. ಆ ಅಧ್ಯಯನಗಳು 2004 ಮತ್ತು 2006ರಲ್ಲಿ ಪ್ರಕಟವಾದವು. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಬಳಕೆಯಿರುವ ನಮ್ಮ ಕರಾವಳಿಯಲ್ಲಿ ಇಂಥ ಕೆಲಸದ ಮಹತ್ವ ಬೇರೆ ಹೇಳಬೇಕಿಲ್ಲ. ಹಲ್ಲು ತೋರಿಸಲು ಹೋದಾಗ ಕೆನ್ನೆಯ ಒಳಭಾಗ ಮತ್ತು ನಾಲಿಗೆಯ ಅಂಚನ್ನೂ ನೋಡುವಂತೆ ಕೇಳಿಕೊಳ್ಳಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತಡ ಮಾಡಬಾರದು.

ಮಕ್ಕಳ ಹಲ್ಲಿನ ಬಿಳಿ ಕಲೆ: ಮೂರು ಬಗೆ

"ಮಗುವಿನ ಹಲ್ಲಿನಲ್ಲಿ ಬಿಳಿ ಕಲೆ ಇದೆ, ಕ್ಯಾಲ್ಸಿಯಂ ಕಡಿಮೆಯಾ?" ಎಂದು ತಾಯಂದಿರು ಕೇಳುವುದುಂಟು. ಬಿಳಿ ಕಲೆಗಳೆಲ್ಲ ಒಂದೇ ಅಲ್ಲ.

ವಸಡಿನ ಅಂಚಿನುದ್ದಕ್ಕೂ ಸುಣ್ಣದ ಗೆರೆಯಂತೆ ಕಂಡರೆ ಅದು ಹುಳುಕಿನ ಮೊದಲ ಹಂತ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗುವ ಮಕ್ಕಳಲ್ಲಿ ಇದು ಹೆಚ್ಚು. ಎಡಬಲದ ಒಂದೇ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಮೋಡದ ಎಳೆಗಳಂತೆ ಕಂಡರೆ ಹೆಚ್ಚಾಗಿ ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಬಯಲುಸೀಮೆಯ ತಾಲೂಕುಗಳಲ್ಲಿ ಇದು ದೊಡ್ಡ ಸಮಸ್ಯೆ. ಅಲ್ಲಿ ಬೆಳೆದು ನಮ್ಮೂರಿಗೆ ಬಂದ ಕುಟುಂಬಗಳ ಮಕ್ಕಳಲ್ಲಿ ಕಾಣಬಹುದು. ಮೂರನೆಯದು, ಆರನೇ ವರ್ಷದಲ್ಲಿ ಬರುವ ದವಡೆ ಹಲ್ಲಿನಲ್ಲಿ ಹಳದಿ ಅಥವಾ ಕಂದು ಮಚ್ಚೆ, ಬೇಗ ಪುಡಿಯಾಗುವ ಎನಾಮಲ್. ಇದು ಹಲ್ಲು ರೂಪುಗೊಳ್ಳುವಾಗಲೇ ಆದ ಕೊರತೆ. ಈ ಮೂರನ್ನೂ ಬೇರ್ಪಡಿಸಿ ತಿಳಿಯಲು ಒಳ್ಳೆಯ ಬೆಳಕು, ಒಣಗಿದ ಹಲ್ಲು, ಮತ್ತು ವೈದ್ಯರ ತಾಳ್ಮೆ ಬೇಕು.

ಆರನೇ ವರ್ಷದ ಆ ದವಡೆ ಹಲ್ಲಿನ ಬಗ್ಗೆ ಒಂದು ಮಾತು. ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಅದು ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಅದೂ ಹಾಲುಹಲ್ಲೇ, 'ಹೋದರೆ ಇನ್ನೊಂದು ಬರುತ್ತದೆ' ಎಂದು ಎಷ್ಟೋ ತಂದೆತಾಯಿಯರು ತಿಳಿದಿದ್ದಾರೆ. ಅದು ಶಾಶ್ವತ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ.

ಹುಳುಕನ್ನು ಬಿಳಿ ಕಲೆಯ ಹಂತದಲ್ಲೇ ಹಿಡಿದರೆ ಕೊರೆಯಬೇಕಾಗಿಯೇ ಇಲ್ಲ. ಫ್ಲೋರೈಡ್ ವಾರ್ನಿಶ್ ಬಳಿದು, ಸಿಹಿ ಕಡಿಮೆ ಮಾಡಿ, ಹಲ್ಲುಜ್ಜುವುದನ್ನು ಸರಿಪಡಿಸಿದರೆ ಖನಿಜ ಮರಳಿ ಕೂಡುತ್ತದೆ. ಬೆಳಕಿನ ಪರೀಕ್ಷೆಯ ನಿಜವಾದ ಲಾಭ ಇದೇ. ಗುಳಿ ಬೀಳುವ ಮೊದಲೇ ತಿಳಿದರೆ ಮಗುವಿಗೆ ಸೂಜಿಯೂ ಇಲ್ಲ, ಡ್ರಿಲ್ ಸದ್ದೂ ಇಲ್ಲ.

ಬೆಳಕೂ ತಪ್ಪು ಹೇಳಬಹುದು

ಯಂತ್ರದ ಅಂಕಿಯೇ ತೀರ್ಪಲ್ಲ. ಹಲ್ಲಿನ ಮೇಲಿನ ಪಾಚಿ, ಗಟ್ಟಿ ಕಿಟ್ಟ, ಚಹಾ ಮತ್ತು ಎಲೆಅಡಿಕೆಯ ಕಲೆ, ಹಲ್ಲು ಪಾಲಿಶ್ ಮಾಡುವ ಪೇಸ್ಟ್, ಹಳೆಯ ಫಿಲ್ಲಿಂಗ್ ಇವೆಲ್ಲವೂ ಹೊಳಪು ಕೊಟ್ಟು ಇಲ್ಲದ ಹುಳುಕನ್ನು ತೋರಿಸಬಹುದು. ಆದ್ದರಿಂದ ಹಲ್ಲು ಸ್ವಚ್ಛಗೊಳಿಸಿ, ತೊಳೆದು, ಒಣಗಿಸಿದ ಮೇಲೆಯೇ ಪರೀಕ್ಷಿಸಬೇಕು. ಬೆಳ್ಳಿ ಫಿಲ್ಲಿಂಗ್ ಸುತ್ತಲಿನ ಹಲ್ಲು ಬೂದು ಬಣ್ಣಕ್ಕೆ ತಿರುಗುವುದು ಸಾಮಾನ್ಯ, ಅದು ಹುಳುಕೇ ಆಗಿರಬೇಕಿಲ್ಲ. ಬೆಳಕು ಲೋಹವನ್ನು ದಾಟದು. ಲೋಹದ ಕ್ಯಾಪ್ ಒಳಗಿನದು, ವಸಡಿನ ಕೆಳಗಿನದು, ಬೇರು ಮತ್ತು ಎಲುಬು ಇವಾವುವೂ ಅದಕ್ಕೆ ಕಾಣವು. ಅಲ್ಲಿಗೆ ಎಕ್ಸ್‌ರೇಯೇ ಬೇಕು. ಎರಡೂ ಒಂದಕ್ಕೊಂದು ಜೊತೆ.

ಗರ್ಭಿಣಿಯರಿಗೆ ಬೆಳಕಿನ ಪರೀಕ್ಷೆಯಿಂದ ವಿಕಿರಣದ ಚಿಂತೆ ಇಲ್ಲ. ಹಾಗೆಂದು ತೀವ್ರ ನೋವು, ಬಾವು ಇದ್ದಾಗ ವೈದ್ಯರು ರಕ್ಷಣೆಯೊಂದಿಗೆ ಎಕ್ಸ್‌ರೇ ಬೇಕೆಂದರೆ ನಿರಾಕರಿಸಬೇಡಿ. ಗರ್ಭಿಣಿ ಎಂಬುದನ್ನು ಮೊದಲೇ ತಿಳಿಸಿ.

ಪಾದರಸದ ಭಯದಿಂದ ಚೆನ್ನಾಗಿರುವ ಬೆಳ್ಳಿ ಫಿಲ್ಲಿಂಗನ್ನು ಕಿತ್ತು ತೆಗೆಸುವ ಅಗತ್ಯವೂ ಇಲ್ಲ. ಕೀಳುವಾಗಲೇ ಪಾದರಸದ ಹಬೆ ಹೆಚ್ಚು ಬರುತ್ತದೆ. ಪಾದರಸ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿದೆ. ಹಾಲುಹಲ್ಲಿಗೆ, 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ ವೈದ್ಯರು ಅನಿವಾರ್ಯವೆಂದು ಕಂಡಲ್ಲಿ ಹೊರತು ಹೊಸದಾಗಿ ಅಮಾಲ್ಗಮ್ ಹಾಕಬಾರದು ಎಂದು 2022ರಲ್ಲಿ ಆ ಒಪ್ಪಂದದ ದೇಶಗಳು ತೀರ್ಮಾನಿಸಿವೆ.

ಎಲ್ಲಿಗೆ ಹೋಗುವುದು? ಏನು ಕೇಳುವುದು?

ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ. ಕುಂದಾಪುರ, ಗಂಗೊಳ್ಳಿ, ಬೈಂದೂರು, ಶಿರೂರಿನವರಿಗೆ ಹೆದ್ದಾರಿಯ ಬಸ್ಸಿನಲ್ಲಿ ಸ್ವಲ್ಪ ದೂರ. ಹಾಗಾಗಿ ಮೊದಲು ಹತ್ತಿರದ ದಂತವೈದ್ಯರಲ್ಲಿಗೆ ಹೋಗಿ. ಬೆಳಕು ಹಾಯಿಸಿ ನೋಡಲು ಬೇಕಾದ ಸಣ್ಣ ದೀಪ ದುಬಾರಿಯದಲ್ಲ. ಅಲ್ಲಿ ಖಚಿತವಾಗದ ಪ್ರಕರಣಗಳಿಗೆ ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತವೈದ್ಯಕೀಯ ಕಾಲೇಜುಗಳಿವೆ. ಶಾಲೆ, ಅಂಗನವಾಡಿಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಕ್ಕಳ ಹಲ್ಲನ್ನೂ ನೋಡುತ್ತಾರೆ. ಆ ದಿನ ಮಗುವನ್ನು ತಪ್ಪಿಸಬೇಡಿ.

ಗಲ್ಫಿನಿಂದ ಒಂದು ತಿಂಗಳ ರಜೆಯಲ್ಲಿ ಬರುವ ಸಹೋದರರು ಹಲ್ಲಿನ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳುತ್ತಾರೆ. ಸಮಯವಿಲ್ಲದಾಗ ಉಳಿಸಬಹುದಾದ ಹಲ್ಲನ್ನೂ ಕೀಳಿಸಿ ವಿಮಾನ ಹತ್ತುತ್ತಾರೆ. ಬಂದ ಮೊದಲ ವಾರವೇ ತೋರಿಸಿ.

ವೈದ್ಯರಲ್ಲಿ ಗೌರವದಿಂದ ಈ ಪ್ರಶ್ನೆಗಳನ್ನು ಕೇಳಬಹುದು:

• ಹಲ್ಲು ಒಣಗಿಸಿ, ಬೆಳಕು ಹಾಯಿಸಿ ಒಮ್ಮೆ ನೋಡುವಿರಾ?
• ಇದು ಕಲೆಯೋ, ಹುಳುಕೋ? ಹುಳುಕಾದರೆ ಈಗ ಮುಂದುವರಿಯುತ್ತಿದೆಯೋ, ನಿಂತಿದೆಯೋ?
• ಇಡೀ ಫಿಲ್ಲಿಂಗ್ ಬದಲಿಸಬೇಕೋ, ಕೆಟ್ಟ ಅಂಚನ್ನಷ್ಟೇ ದುರಸ್ತಿ ಮಾಡಿದರೆ ಸಾಕೋ?
• ಫೋಟೋ ತೆಗೆದಿಟ್ಟು ಆರು ತಿಂಗಳ ನಂತರ ಹೋಲಿಸಿ ನೋಡಬಹುದೇ?
• ಒಟ್ಟು ಖರ್ಚು ಎಷ್ಟಾಗಬಹುದು?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಖರ್ಚಿನ ಹೆದರಿಕೆಯಿಂದ ನಡುವೆ ಬಿಟ್ಟ ಚಿಕಿತ್ಸೆ ಇನ್ನೂ ದುಬಾರಿ.

ಮನೆಯಲ್ಲಿ ಮಾಡಬೇಕಾದ್ದು

ತಿಂಗಳಿಗೊಮ್ಮೆ ಕಿಟಕಿಯ ಬೆಳಕಿನಲ್ಲಿ ಮಗುವಿನ ಮೇಲ್ದುಟಿ ಎತ್ತಿ ವಸಡಿನ ಅಂಚು ನೋಡಿ. ಬಿಳಿ ಗೆರೆ ಅಥವಾ ಕಂದು ಚುಕ್ಕೆ ಇದ್ದರೆ ತೋರಿಸಿ. ಪಿನ್ನು, ಕಡ್ಡಿಯಿಂದ ಕೆದಕಬೇಡಿ. ಮೆತ್ತಗಾದ ಎನಾಮಲ್ ಕುಸಿದು, ವಾಸಿಯಾಗಬಹುದಾದದ್ದು ಗುಳಿಯಾಗುತ್ತದೆ. ಮಕ್ಕಳ ಆಟಿಕೆಯ ಲೇಸರ್ ದೀಪದಿಂದ ಬಾಯಿ ಪರೀಕ್ಷಿಸುವ ಸಾಹಸವೂ ಬೇಡ, ಕಣ್ಣಿಗೆ ಅಪಾಯ.

ರಮಝಾನಿನಲ್ಲಿ ಹಗಲು ಬಾಯಿ ಒಣಗಿರುತ್ತದೆ, ಎಂಜಲಿನ ರಕ್ಷಣೆ ಕಡಿಮೆ. ರಾತ್ರಿ ಶರಬತ್ತು, ಖರ್ಜೂರ, ಸಿಹಿತಿಂಡಿ ನಡೆದೇ ಇರುತ್ತದೆ. ಸಹರಿ ಉಂಡು ಹಾಗೆಯೇ ಮಲಗುವುದು ಹಲ್ಲಿಗೆ ಅತ್ಯಂತ ಕೆಟ್ಟ ಅಭ್ಯಾಸ. ಸಹರಿಯ ನಂತರ ಸಮಯ ಮುಗಿಯುವ ಮೊದಲು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ. ಹಗಲಲ್ಲಿ ಮಿಸ್ವಾಕ್ ಇದ್ದೇ ಇದೆ. ತುದಿಯನ್ನು ಚೆನ್ನಾಗಿ ಮೆತ್ತಗೆ ಮಾಡಿ, ವಸಡಿಗೆ ಗಾಯವಾಗದಂತೆ ಬಳಸಿ, ಒಳಬದಿಯ ಹಲ್ಲುಗಳನ್ನು ಮರೆಯಬೇಡಿ. ದೀಪ ಹಿಡಿದು ನೋಡುವ ಪರೀಕ್ಷೆಯಲ್ಲಿ ಏನೂ ಗಂಟಲಿಗಿಳಿಯುವುದಿಲ್ಲ. ಆದರೆ ನೀರು ಚಿಮ್ಮಿಸುವ ಚಿಕಿತ್ಸೆಯಾದರೆ ಇಫ್ತಾರಿನ ನಂತರದ ಸಮಯ ಕೇಳಿಕೊಳ್ಳಿ. ಸಂಶಯವಿದ್ದರೆ ನಿಮ್ಮ ಮಸೀದಿಯ ಖತೀಬರನ್ನು ಕೇಳಿ. ನೋವು, ಬಾವು ಇದ್ದಾಗ ಮಾತ್ರ ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮಲ್ಲಿದೆ. ನನ್ನ ತಾಯಿಯ ಬಳಿ ಈಗ ಎರಡೂ ಇವೆ. ಈ ಸಲ ಖರ್ಜೂರವನ್ನು ಬೀಜ ತೆಗೆದೇ ತಟ್ಟೆಗಿಡುವುದು ಮನೆಯಲ್ಲಿ ನಿಯಮವಾಗಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ 'ಕಚ್ಚಿ ಬಿಡುವಾಗ' ನೋವಿದ್ದರೆ, ಹಳೆಯ ಫಿಲ್ಲಿಂಗ್ ಪಕ್ಕ ಆಹಾರ ಸಿಕ್ಕಿಕೊಳ್ಳುತ್ತಿದ್ದರೆ, ತಣ್ಣೀರಿಗೆ ಜುಮ್ಮೆನ್ನುತ್ತಿದ್ದರೆ ಮಾತ್ರೆಯಲ್ಲಿ ದಿನ ದೂಡಬೇಡಿ. ಕೀಳಿಸುವ ತೀರ್ಮಾನಕ್ಕೆ ಮೊದಲು ಆ ಹಲ್ಲಿಗೊಮ್ಮೆ ಬೆಳಕು ಹಿಡಿಸಿ ನೋಡಿ.